ಬೇಬಿ ಡಾಡ್ಸ್: ಆಲಿಸಿ ಬಾರಿಸಿದ ಡ್ರಂ ವಾದಕ

ಸಂಗೀತ ಮೇಳದಲ್ಲಿ ತಾಳವಾದ್ಯಗಾರನ ಸ್ಥಾನ ವಿಚಿತ್ರವಾದುದು. ಅವನಿಲ್ಲದೆ ಮೇಳ ನಡೆಯದು. ಆದರೆ ಮೇಳ ಚೆನ್ನಾಗಿ ನಡೆದಾಗ ಕೇಳುವವರ ಗಮನ ಅವನತ್ತ ಹೊರಳುವುದು ಅಪರೂಪ. ಅಮೆರಿಕದ ಜಾಝ್ ಸಂಗೀತವನ್ನು ಸ್ವಲ್ಪವಾದರೂ ಬಲ್ಲವರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗನ ಹೆಸರನ್ನು ಕೇಳದವರಿಲ್ಲ. ಅವನ ತುತ್ತೂರಿಯ ಹಿಂದೆ, ನದಿಯ ಹಡಗಿನಲ್ಲಿಯೂ ಷಿಕಾಗೋದ ನೃತ್ಯಶಾಲೆಯಲ್ಲಿಯೂ ಕೋಲು ಹಿಡಿದು ಕುಳಿತಿದ್ದ ವಾರೆನ್ ಡಾಡ್ಸನನ್ನು ಬಲ್ಲವರು ಕೆಲವರೇ. ಒಬ್ಬನೇ ಕುಳಿತು ಎರಡು ಕೈ ಎರಡು ಕಾಲುಗಳಿಂದ ನುಡಿಸುವ ಡ್ರಂ ಸೆಟ್ಟು ಇಂದು ಜಗತ್ತಿನ ಎಲ್ಲೆಡೆಯೂ ಕಾಣಸಿಗುತ್ತದೆ. ಆ ವಾದ್ಯಸಮೂಹಕ್ಕೆ ತನ್ನದೇ ಆದ ನುಡಿಯನ್ನು ಕಲಿಸಿದ ಮೊದಲಿಗರಲ್ಲಿ ಈತನೊಬ್ಬ.

ಆತ ಹುಟ್ಟಿದ್ದು 1898ರ ಡಿಸೆಂಬರ್ 24ರಂದು, ಮಿಸಿಸಿಪ್ಪಿ ನದಿಯ ದಡದ ನ್ಯೂ ಆರ್ಲಿಯನ್ಸ್ ನಗರದಲ್ಲಿ. ತಂದೆಯ ಹೆಸರೂ ವಾರೆನ್ ಎಂದೇ ಆದುದರಿಂದ ಮನೆಯಲ್ಲಿ ಒಬ್ಬರನ್ನು ಕರೆದರೆ ಇಬ್ಬರೂ ಓಗೊಡುವಂತಾಗಿ, ಕಿರಿಯನಿಗೆ 'ಬೇಬಿ' ಎಂಬ ಹೆಸರು ಬಿದ್ದಿತು. ಅರವತ್ತರ ಗಡಿ ಮುಟ್ಟಿದಾಗಲೂ ಆ ಹೆಸರು ಅವನನ್ನು ಬಿಡಲಿಲ್ಲ. ಮನೆತನ ಬಡವಾದರೂ ಸಂಗೀತಕ್ಕೆ ಬಡತನವಿರಲಿಲ್ಲ. ತಂದೆ ಪಿಟೀಲು ನುಡಿಸುತ್ತಿದ್ದ. ಅಣ್ಣ ಜಾನಿ ಕ್ಲಾರಿನೆಟ್ ಹಿಡಿದು ಮುಂದೆ ಆ ವಾದ್ಯದ ದೊಡ್ಡ ಹೆಸರುಗಳಲ್ಲೊಂದಾದ. ತಮ್ಮನಿಗೆ ಡ್ರಮ್ಮಿನ ಮೇಲೆ ಆಸೆ. ಕೊಳ್ಳಲು ಹಣವೆಲ್ಲಿ? ಕೊಬ್ಬು ತುಂಬಿಡುವ ತಗಡಿನ ಡಬ್ಬಿಯೊಂದನ್ನು ಬೋರಲು ಹಾಕಿ ಅದಕ್ಕೆ ತೂತು ಕೊರೆದ. ತಾಯಿಯ ಕುರ್ಚಿಗಳ ಅಡ್ಡಪಟ್ಟಿಗಳನ್ನು ಕಿತ್ತು ಕೋಲು ಮಾಡಿಕೊಂಡ. ಮುಂದೆ ಕಾರ್ಖಾನೆಗಳಲ್ಲಿ ದುಡಿದು ಕೂಡಿಸಿದ ಕಾಸಿನಿಂದ, ಸುಮಾರು ಹದಿನಾರನೆಯ ವಯಸ್ಸಿನಲ್ಲಿ, ನಿಜವಾದ ಡ್ರಂಗಳು ಅವನ ಪಾಲಿಗೆ ಬಂದವು.

ಆ ಕಾಲಕ್ಕೆ ಡ್ರಂ ಸೆಟ್ಟು ಇನ್ನೂ ರೂಪುಗೊಳ್ಳುತ್ತಿದ್ದ ವಸ್ತು. ಬೀದಿಯ ಮೆರವಣಿಗೆಯಲ್ಲಿ ದೊಡ್ಡ ಬಾಸ್ ಡ್ರಮ್ಮನ್ನು ಹೊರುವವನೊಬ್ಬ, ತಳದ ಚರ್ಮಕ್ಕೆ ತಂತಿಗಳನ್ನು ತಾಗಿಸಿ ಬಿಗಿದ ಸ್ನೇರ್ ಡ್ರಮ್ಮನ್ನು ಬಾರಿಸುವವನು ಇನ್ನೊಬ್ಬ. ಅದೇ ಮೇಳ ಸಂಜೆ ನೃತ್ಯಶಾಲೆಗೆ ಹೋದರೆ ಅಲ್ಲಿ ಇಬ್ಬರಿಗೆ ಜಾಗವಿಲ್ಲ, ಕೂಲಿಯೂ ಇಲ್ಲ. ಕಾಲಿನಿಂದ ಮೆಟ್ಟಿ ಬಾಸ್ ಡ್ರಮ್ಮನ್ನು ಬಾರಿಸುವ ಉಪಾಯಗಳನ್ನು ಹಲವರು ಹುಡುಕುತ್ತಿದ್ದರು. ಷಿಕಾಗೋದ ಲುಡ್ವಿಗ್ ಸೋದರರು 1909ರಲ್ಲಿ ತಯಾರಿಸಿದ ಮೆಟ್ಟು ಚುರುಕಾಗಿ ಕೆಲಸಮಾಡುವಂತಹುದಾಗಿ ಎಲ್ಲೆಡೆ ಹರಡಿತು. ಹೀಗೆ ಒಬ್ಬನ ಕಾಲಿಗೆ ಒಂದು ಕೆಲಸ, ಕೈಗಳಿಗೆ ಇನ್ನೊಂದು ಕೆಲಸ ಎಂದಾಯಿತು. ಅದರ ಸುತ್ತ ಸಿಂಬಲ್ ಎಂಬ ತಾಳತಟ್ಟೆ, ಚೀಣೀ ಟಾಂ ಟಾಂ, ಟೊಳ್ಳು ಮರದ ತುಂಡು, ಹಸುವಿನ ಕೊರಳ ಗಂಟೆ ಒಂದೊಂದಾಗಿ ಬಂದು ಸೇರಿದವು. ಸಾಮಗ್ರಿ ಕೂಡಿತ್ತು, ಅದರಿಂದ ಏನನ್ನು ನುಡಿಸಬೇಕೆಂಬುದು ಇನ್ನೂ ತೀರ್ಮಾನವಾಗಿರಲಿಲ್ಲ.

ಡಾಡ್ಸನ ಮೊದಲ ಪಾಠಶಾಲೆ ನ್ಯೂ ಆರ್ಲಿಯನ್ಸಿನ ಬೀದಿ. ಅಲ್ಲಿಯ ಕಪ್ಪು ಜನರ ಶವಯಾತ್ರೆಯಲ್ಲಿ ವಾದ್ಯಮೇಳ ಮುಂದೆ ನಡೆಯುತ್ತದೆ. ಸ್ಮಶಾನದವರೆಗೆ ಡ್ರಮ್ಮಿನ ನಾದವನ್ನು ಅಡಗಿಸಿ, ಅತಿ ವಿಳಂಬವಾಗಿ, ಒಂದೊಂದು ಪೆಟ್ಟನ್ನೂ ಅಳೆದು ಹಾಕಬೇಕು. ಮಣ್ಣು ಮಾಡಿ ಹಿಂದಿರುಗುವಾಗ ತಂತಿಗಳನ್ನು ಮತ್ತೆ ಬಿಗಿದು, ಸ್ನೇರ್ ಡ್ರಂ ಮೊಳಗಿ, ಮೇಳ ಕುಣಿತದ ನಡೆಗೆ ತಿರುಗುತ್ತದೆ. ಹಿಂದೆ ಬರುವ ಜನ ಕುಣಿಯುತ್ತ ಮನೆಗೆ ಮರಳುತ್ತಾರೆ. ಆ ಬೀದಿ ಮೇಳಗಳು ನುಡಿಸುತ್ತಿದ್ದ ನಡಿಗೆಯ ಪದಗಳಲ್ಲಿ ಎರಡು ಬಗೆ. ಒಂದರಲ್ಲಿ ಅಳತೆಗೆ ಎರಡು ಪೆಟ್ಟು, ಪ್ರತಿ ಪೆಟ್ಟೂ ಎರಡಾಗಿ ಒಡೆಯುತ್ತದೆ. ಇನ್ನೊಂದರಲ್ಲಿ ಅಳತೆಗೆ ಆರು ಮಾತ್ರೆ. ಕಾಲು ಎರಡೇ ಹೆಜ್ಜೆ ಇಟ್ಟರೂ ಪ್ರತಿ ಹೆಜ್ಜೆಯ ಒಳಗೆ ಮೂರು ಮಾತ್ರೆಗಳು ತೂಗುತ್ತವೆ. ನಮ್ಮ ಸಂಗೀತಗಾರರು ತಿಶ್ರದ ನಡೆ ಎನ್ನುವುದಕ್ಕೆ ಇದು ಸಮೀಪ. ಹೆಜ್ಜೆ ಅದೇ, ಒಳಗಿನ ತೂಗು ಬೇರೆ. ಆ ತೂಗು ಬದಲಾದೊಡನೆ ನಡೆಯುವವನ ಭುಜಗಳೂ ಬೇರೆಯಾಗಿ ಆಡುತ್ತವೆ. ತಾಳವೆಂದರೆ ಎಣಿಕೆಯಷ್ಟೇ ಆಗದೆ ಮೈಯ ಚಲನೆಯೂ ಹೌದೆಂಬುದನ್ನು ಹುಡುಗ ಇಲ್ಲಿ ಕಲಿತ.

ಕಲಿಕೆ ಸುಲಭವಾಗಿ ಬರಲಿಲ್ಲ. ಅಣ್ಣ ಜಾನಿ ಆಗ ಕಿಡ್ ಓರಿಯ ಹೆಸರಾಂತ ಮೇಳದಲ್ಲಿದ್ದ. ಒಂದು ಪದವನ್ನಾದರೂ ಜೊತೆಗೆ ಬಾರಿಸಬೇಕೆಂದು ತಮ್ಮ ಹೋಗಿ ಕುಳಿತರೆ, ವಾದಕರು ಒಬ್ಬೊಬ್ಬರಾಗಿ ವೇದಿಕೆಯಿಂದ ಇಳಿದು ಹೋಗುತ್ತಿದ್ದರೆಂದು ಆತ ಮುಂದೆ ನೆನೆದುಕೊಂಡಿದ್ದಾನೆ. ಇಂತಹ ಅವಮಾನ ಅನೇಕರನ್ನು ಮುರಿದಿರುತ್ತದೆ. ಡಾಡ್ಸ್ ಹಿರಿಯ ವಾದಕರ ಬೆನ್ನು ಬಿಡದೆ ಹೋದ. ಒಬ್ಬನಿಂದ ಓದು, ಇನ್ನೊಬ್ಬನಿಂದ ಉರುಳಿಕೆ, ಮತ್ತೊಬ್ಬನಿಂದ ಮೆಲುದನಿ ಎಂದು ಆಯ್ದು ಕೂಡಿಸಿದ.

1918ರಲ್ಲಿ ಅವನಿಗೆ ಫೇಟ್ ಮ್ಯಾರಬಲ್ಲನ ಮೇಳದಲ್ಲಿ ಸ್ಥಳ ದೊರೆಯಿತು. ಮಿಸಿಸಿಪ್ಪಿಯಲ್ಲಿ ಓಡಾಡುವ ವಿಹಾರದ ಹಡಗುಗಳ ಮೇಲೆ ಈ ಮೇಳದ ಕಚೇರಿ. ಪ್ರಯಾಣಿಕರು ಬಹುಮಟ್ಟಿಗೆ ಬಿಳಿಯರು. ಸೇಂಟ್ ಲೂಯಿ ನಗರದಲ್ಲಿ ವಾರಕ್ಕೊಂದು ರಾತ್ರಿ ಮಾತ್ರ ಕಪ್ಪು ಜನರಿಗೆ ಹಡಗು ತೆರೆದಿರುತ್ತಿತ್ತು. ಮ್ಯಾರಬಲ್ ಕಟ್ಟುನಿಟ್ಟಿನ ಮನುಷ್ಯ. ಅವನ ಬಳಿ ಇರುವವರು ಬರೆದ ಸ್ವರಲಿಪಿಯನ್ನು ಓದಿ ನುಡಿಸಬೇಕು. ಮೂರು ಪೆಟ್ಟಿನ ವಾಲ್ಟ್ಸ್, ಎರಡು ಪೆಟ್ಟಿನ ವೇಗದ ಕುಣಿತ, ನಾಲ್ಕು ಪೆಟ್ಟಿನ ಫಾಕ್ಸ್‌ಟ್ರಾಟ್ ಒಂದಾದಮೇಲೊಂದರಂತೆ ಬರುತ್ತವೆ. ಡ್ರಂ ವಾದಕನ ನಡೆ ತಪ್ಪಿದರೆ ನೂರಾರು ಜೋಡಿ ಕಾಲುಗಳು ಒಟ್ಟಿಗೆ ತಪ್ಪುತ್ತವೆ. ಬೀದಿಯಲ್ಲಿ ಮೈಗೆ ಹತ್ತಿದ ಲಯಕ್ಕೆ ಹಡಗಿನಲ್ಲಿ ಶಿಸ್ತಿನ ಕಟ್ಟು ಬಿದ್ದಿತು. ಅದೇ ಮೇಳದಲ್ಲಿ ಯುವಕ ಆರ್ಮ್‌ಸ್ಟ್ರಾಂಗನೂ ಇದ್ದ.

ಬಾರಿಸುವಾಗ ಡಾಡ್ಸನ ಎಡಗಾಲು ತನ್ನಷ್ಟಕ್ಕೆ ನೆಲವನ್ನು ತಟ್ಟುತ್ತಿತ್ತು. ಇದನ್ನು ಕಂಡ ಲುಡ್ವಿಗ್ಗನು ಆ ಕಾಲಿಗೂ ಕೆಲಸ ಕೊಡಬೇಕೆಂದು, ಮೆಟ್ಟಿದರೆ ಮುಚ್ಚಿ ಬಿಟ್ಟರೆ ತೆರೆಯುವ ಜೋಡಿ ಸಿಂಬಲ್ಲುಗಳನ್ನು ಮಾಡಿಸಿದನೆಂದು ಡಾಡ್ಸ್ ಹೇಳಿಕೊಂಡಿದ್ದುಂಟು. ಇಂತಹ ಹುಟ್ಟಿನ ಕಥೆಗಳಿಗೆ ಹಕ್ಕುದಾರರು ಹಲವರಿರುತ್ತಾರೆ. ಸ್ವಾರಸ್ಯವೆಂದರೆ, ಆ ಉಪಕರಣವನ್ನು ಡಾಡ್ಸ್ ಕೊನೆಯವರೆಗೂ ಮೆಚ್ಚಲಿಲ್ಲ.

ಶೈಲಿಯ ಬಗ್ಗೆ ಭಿನ್ನಾಭಿಪ್ರಾಯ ಬಂದು 1921ರಲ್ಲಿ ಆರ್ಮ್‌ಸ್ಟ್ರಾಂಗನೂ ಡಾಡ್ಸನೂ ಹಡಗನ್ನು ಬಿಟ್ಟರು. ಡಾಡ್ಸ್ ಕಿಂಗ್ ಆಲಿವರನ ಮೇಳವನ್ನು ಸೇರಿದ. 1922ರಲ್ಲಿ ಷಿಕಾಗೋದ ಲಿಂಕನ್ ಗಾರ್ಡನ್ಸ್ ಎಂಬ ನೃತ್ಯಶಾಲೆಯಲ್ಲಿ ಆಲಿವರ್, ಆರ್ಮ್‌ಸ್ಟ್ರಾಂಗ್, ಡಾಡ್ಸ್ ಸೋದರರು, ಪಿಯಾನೋ ನುಡಿಸುವ ಲಿಲ್ ಹಾರ್ಡಿನ್ ಎಲ್ಲರೂ ಒಂದೇ ವೇದಿಕೆಯಲ್ಲಿ ಕೂಡಿದರು. ಅವನ ಕಲೆ ಹಣ್ಣಾದುದು ಇಲ್ಲಿ.

ಆತ ಒಂದು ನಡೆಯನ್ನು ಕಟ್ಟುತ್ತಿದ್ದ ಬಗೆಯನ್ನು ಸ್ವಲ್ಪ ವಿವರಿಸಬೇಕು. ಅಳತೆಗೆ ನಾಲ್ಕು ಪೆಟ್ಟು ಎಂದಿಟ್ಟುಕೊಳ್ಳೋಣ. ಬಲಗಾಲು ಬಾಸ್ ಡ್ರಮ್ಮಿನಲ್ಲಿ ತಳಹದಿಯನ್ನು ಹಾಕುತ್ತದೆ. ಮೊದಲ ಮತ್ತು ಮೂರನೆಯ ಪೆಟ್ಟಿನಲ್ಲಿ ಊರಿದರೆ ಒಂದು ನಡೆ, ನಾಲ್ಕರಲ್ಲಿಯೂ ಊರಿದರೆ ಇನ್ನೊಂದು. ಎರಡನೆಯ ಮತ್ತು ನಾಲ್ಕನೆಯ ಪೆಟ್ಟಿಗೆ ಕೈಗಳು ಸ್ನೇರ್ ಡ್ರಮ್ಮಿನ ಮೇಲೆ ಕೋಲುಗಳನ್ನು ಒತ್ತಿ ಉರುಳಿಸುತ್ತವೆ. 'ಪ್ರೆಸ್ ರೋಲ್' ಎಂಬ ಈ ಉರುಳಿಕೆ ಆ ಪೆಟ್ಟಿನಲ್ಲಿ ಹುಟ್ಟಿ ಮುಂದಿನ ಪೆಟ್ಟಿನವರೆಗೂ ಹರಿಯುತ್ತದೆ. ಒಂಟಿ ಪೆಟ್ಟುಗಳ ನಡುವಿನ ಬರಿದು ಜಾಗ ಹೀಗೆ ತುಂಬಿ, ಲಯವು ಕಡಿದು ಕಡಿದು ಬೀಳದೆ ಉಸಿರಿನಂತೆ ಸಾಗುತ್ತದೆ. ಅವನ ಸಮಕಾಲೀನರೂ ಉರುಳಿಕೆಯನ್ನು ಬಲ್ಲವರೇ. ಆದರೆ ಅದರ ಉದ್ದವನ್ನೂ ಭಾರವನ್ನೂ ಡಾಡ್ಸನಂತೆ ಹದವರಿತು ಇಡಬಲ್ಲವರು ವಿರಳವಾಗಿದ್ದರು.

ಈ ಹಂದರ ನಿಂತಮೇಲೆ ನಿಜವಾದ ಕೆಲಸ ಆರಂಭ. ಪದದ ಆವೃತ್ತಿ ತಿರುಗಿದಂತೆ ಆತ ನಾದವನ್ನು ಬದಲಿಸುತ್ತಿದ್ದ. ಪಿಯಾನೋ ಮುಂದೆ ಬಂದರೆ ಕೈ ಇಳಿದು ಮರದ ತುಂಡಿಗೋ ಡ್ರಮ್ಮಿನ ಅಂಚಿಗೋ ಹೋಗುತ್ತದೆ; ಕ್ಲಾರಿನೆಟ್ಟಿಗೆ ಒಂದು ಬಣ್ಣ, ತುತ್ತೂರಿಗೆ ಮತ್ತೊಂದು; ಕೊನೆಯ ಆವೃತ್ತಿಯಲ್ಲಿ ಎಲ್ಲರೂ ಕೂಡಿದಾಗ ಸಿಂಬಲ್ ಮೊಳಗಿ ಮೇಳವನ್ನೆತ್ತುತ್ತದೆ. ಪಲ್ಲವಿಯ ತಿರುವಿನಲ್ಲಿ ಮುಕ್ತಾಯ ಹಾಕಿ ಹಾಡುಗಾರನಿಗೆ ಎಡೆ ಮಾಡಿಕೊಡುವ ನಮ್ಮ ಮೃದಂಗ ವಾದಕರ ಜಾಣ್ಮೆ ಬಲ್ಲವರಿಗೆ ಇದರ ಬೆಲೆ ತಿಳಿದೀತು. ಜೊತೆಗಾರರ ಸ್ವಭಾವವನ್ನು ಅರಿಯದೆ ಅವರಿಗೆ ಬಾರಿಸಲಾಗದೆಂಬುದು ಅವನ ನಂಬಿಕೆ. ಯಾರಿಗೆ ಒತ್ತಾಸೆ ಬೇಕು, ಯಾರನ್ನು ಅವರ ಪಾಡಿಗೆ ಬಿಡಬೇಕು ಎಂಬುದನ್ನು ಆತ ಕಿವಿಯಿಂದ ಅಳೆಯುತ್ತಿದ್ದ.

ಇಂತಹವನ ಪಾಲಿಗೆ ಕಾಲವೊಂದು ಕ್ರೂರವಾದ ವ್ಯಂಗ್ಯವನ್ನು ತೆಗೆದಿಟ್ಟಿತ್ತು. 1923ರ ಏಪ್ರಿಲ್‌ನಲ್ಲಿ ಆಲಿವರನ ಮೇಳ ಇಂಡಿಯಾನಾ ರಾಜ್ಯದ ರಿಚ್ಮಂಡಿನ ಜೆನೆಟ್ ಸಂಸ್ಥೆಯಲ್ಲಿ ಧ್ವನಿಮುದ್ರಣಕ್ಕೆ ಕುಳಿತಿತು. ಆರ್ಮ್‌ಸ್ಟ್ರಾಂಗನ ಮೊದಲ ಮುದ್ರಣಗಳೂ ಇವೇ. ವಿದ್ಯುತ್ತಿನ ಮೈಕ್ ಬಳಕೆಗೆ ಬರುವುದಕ್ಕೆ ಮುಂಚಿನ ಕಾಲ. ದೊಡ್ಡದೊಂದು ಕೊಳವೆಯ ಮುಂದೆ ಎಲ್ಲರೂ ನುಡಿಸಬೇಕು. ನಾದದ ಒತ್ತಡವೇ ಸೂಜಿಯನ್ನು ನಡುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತದೆ. ಬಾಸ್ ಡ್ರಮ್ಮಿನ ಪೆಟ್ಟು ಬಿದ್ದರೆ ಸೂಜಿ ಗೆರೆ ತಪ್ಪಿ ಹಾರುತ್ತಿತ್ತು. ಆದುದರಿಂದ ಡಾಡ್ಸನ ಪಾಲಿಗೆ ಉಳಿದುದು ಬಹುಮಟ್ಟಿಗೆ ಮರದ ತುಂಡುಗಳ ಟಕಟಕ ಸದ್ದು. ಲಿಂಕನ್ ಗಾರ್ಡನ್ಸಿನ ನೆಲವನ್ನೇ ಕುಣಿಸುತ್ತಿದ್ದ ಆ ಕಾಲೂ ಆ ಉರುಳಿಕೆಯೂ ಲೋಕಪ್ರಸಿದ್ಧವಾದ ಆ ತಟ್ಟೆಗಳಲ್ಲಿ ಇಲ್ಲ. ಮುಂದಿನ ತಲೆಮಾರು ಈ ಮೇಳವನ್ನು ಅರಿತದ್ದು ಅದರ ಬುನಾದಿಯನ್ನು ಬಿಟ್ಟು.

1924ರಲ್ಲಿ ಮೇಳ ಒಡೆಯಿತು. 1927ರಲ್ಲಿ ಆರ್ಮ್‌ಸ್ಟ್ರಾಂಗನ 'ಹಾಟ್ ಸೆವೆನ್' ಮುದ್ರಣಗಳಲ್ಲಿಯೂ ಜೆಲ್ಲಿ ರೋಲ್ ಮಾರ್ಟನ್ನನ ಮುದ್ರಣಗಳಲ್ಲಿಯೂ ಡಾಡ್ಸ್ ಬಾರಿಸಿದ. ಈ ನಡುವೆ ಷಿಕಾಗೋದ ಬಿಳಿಯ ಹುಡುಗರು ಅವನನ್ನು ನೋಡಲೆಂದೇ ಬಂದು ಕುಳಿತುಕೊಳ್ಳುತ್ತಿದ್ದರು. ಅವರಲ್ಲೊಬ್ಬ ಜೀನ್ ಕ್ರೂಪಾ. ಹತ್ತು ವರ್ಷಗಳಲ್ಲಿ ಕ್ರೂಪಾ ಬೆನ್ನಿ ಗುಡ್‌ಮನ್ನನ ಮೇಳದೊಡನೆ ದೇಶದ ಕಣ್ಮಣಿಯಾದ. ಡ್ರಂ ವಾದಕನೂ ಜನ ಮುಗಿಬಿದ್ದು ನೋಡುವ ತಾರೆಯಾಗಬಹುದೆಂದು ತೋರಿಸಿದ. ಅದೇ ವೇಳೆಗೆ ಆರ್ಥಿಕ ಮುಗ್ಗಟ್ಟಿನ ಷಿಕಾಗೋದಲ್ಲಿ ಡಾಡ್ಸ್ ಚಿಕ್ಕ ಚಿಕ್ಕ ಕ್ಲಬ್ಬುಗಳಲ್ಲಿ ಬಾರಿಸುತ್ತ, ಸೋದರನ ಟ್ಯಾಕ್ಸಿ ವ್ಯವಹಾರದಲ್ಲಿ ಕೈಗೂಡಿಸುತ್ತ ದಿನ ತಳ್ಳುತ್ತಿದ್ದ. 1940ರಲ್ಲಿ ಅಣ್ಣ ಜಾನಿ ತೀರಿಕೊಂಡ. ಕುಡಿತದ ಕಾರಣ ಇಬ್ಬರ ನಡುವೆ ಜಗಳಗಳಿದ್ದರೂ, ವೇದಿಕೆಯ ಮೇಲೆ ಅವರಷ್ಟು ಹೊಂದಿದ ಜೋಡಿ ಇನ್ನೊಂದಿರಲಿಲ್ಲ.

1940ರ ನಂತರ ಹಳೆಯ ನ್ಯೂ ಆರ್ಲಿಯನ್ಸ್ ಸಂಗೀತವನ್ನು ಹುಡುಕಿ ಕೇಳುವ ಆಸಕ್ತಿ ಎದ್ದಿತು. ಮುದುಕ ಬಂಕ್ ಜಾನ್ಸನ್ನನ ಮೇಳಕ್ಕೆ ಡಾಡ್ಸನನ್ನು ಕರೆದರು. 1945ರಲ್ಲಿ ನ್ಯೂಯಾರ್ಕ್ ಆ ಮೇಳವನ್ನು ಬೆರಗಿನಿಂದ ಕೇಳಿತು. 1946ರಲ್ಲಿ ಅಪೂರ್ವವಾದ ಒಂದು ಕೆಲಸ ನಡೆಯಿತು. ತುತ್ತೂರಿಯಿಲ್ಲ, ಪಿಯಾನೋ ಇಲ್ಲ. ಡಾಡ್ಸನೊಬ್ಬನನ್ನೇ ಕೂರಿಸಿ ಅವನ ಡ್ರಮ್ಮನ್ನೂ ಮಾತನ್ನೂ ಮುದ್ರಿಸಿಕೊಂಡರು. ಉರುಳಿಕೆಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಿದ. ಮೆರವಣಿಗೆಯ ಪದವೊಂದಕ್ಕೆ ತಾನು ಬಾರಿಸುವುದನ್ನು ಪದವಿಲ್ಲದೆಯೇ ಬಾರಿಸಿದ. ಕೇಳುತ್ತಿದ್ದರೆ ಇಲ್ಲದ ಮೇಳ ಕಿವಿಗೆ ಕಟ್ಟುತ್ತದೆ. ಇಪ್ಪತ್ತಮೂರು ವರ್ಷ ಮೊದಲು ಯಂತ್ರ ಹೊರಗಿಟ್ಟಿದ್ದ ನಾದ ಈಗ ತಾನೊಂದೇ ಆಗಿ ಒಳಗೆ ಬಂದಿತ್ತು.

1948ರಲ್ಲಿ ಫ್ರಾನ್ಸಿಗೆ ಹೋಗಿ ಮೆಚ್ಚುಗೆ ಪಡೆದು ಬಂದ. ಮರುವರ್ಷವೇ ಪಾರ್ಶ್ವವಾಯು ಬಡಿಯಿತು, 1950ರಲ್ಲಿ ಮತ್ತೊಮ್ಮೆ. ನಾಲ್ಕು ಅಂಗಗಳನ್ನು ನಾಲ್ಕು ದಾರಿಯಲ್ಲಿ ನಡೆಸಿದವನಿಗೆ ಅಂಗವೇ ಮಾತು ಕೇಳದಂತಾದುದು ಎಂತಹ ಶಿಕ್ಷೆ! ಆದರೂ ಶಕ್ತಿಯಿರುವಷ್ಟು ಹೊತ್ತು ಬಾರಿಸಿದ, ಬಂದವರಿಗೆ ಹೇಳಿಕೊಟ್ಟ, ತನ್ನ ಬದುಕನ್ನು ಲ್ಯಾರಿ ಗಾರಾ ಎಂಬ ಇತಿಹಾಸಕಾರನಿಗೆ ಹೇಳಿ ಬರೆಯಿಸಿದ. 1959ರ ಫೆಬ್ರವರಿ 14ರಂದು ಷಿಕಾಗೋದಲ್ಲಿ ತೀರಿಕೊಂಡ. ಆ ಪುಸ್ತಕ ಬೆಳಕು ಕಂಡದ್ದೂ ಅದೇ ವರ್ಷ.

ಅಷ್ಟರಲ್ಲಿ ಡ್ರಮ್ಮಿನ ಕಲೆ ಬಹುದೂರ ಸಾಗಿತ್ತು. ಕೆನ್ನಿ ಕ್ಲಾರ್ಕ್ ನಡೆಯ ಭಾರವನ್ನು ಬಾಸ್ ಡ್ರಮ್ಮಿನಿಂದ ಎತ್ತಿ ಸಿಂಬಲ್ಲಿನ ಮೇಲಿಟ್ಟಿದ್ದ. ಮ್ಯಾಕ್ಸ್ ರೋಚ್ 1957ರಲ್ಲಿ ಮೂರು ಪೆಟ್ಟಿನ ಅಳತೆಯಲ್ಲಿಯೇ ಒಂದು ಇಡೀ ತಟ್ಟೆಯನ್ನು ಮಾಡಿದ್ದ. ಡಾಡ್ಸ್ ಸತ್ತ ವರ್ಷವೇ, ಜುಲೈ ತಿಂಗಳಿನಲ್ಲಿ, ಡೇವ್ ಬ್ರೂಬೆಕ್ಕನ ಮೇಳದ ಜೋ ಮೊರೆಲ್ಲೋ ಐದು ಪೆಟ್ಟಿನ 'ಟೇಕ್ ಫೈವ್' ಕೃತಿಗೆ ನಡೆ ಕಟ್ಟಿದ. ಮೂರು ಮತ್ತು ಎರಡಾಗಿ ಒಡೆದ ಆ ಐದು ಪೆಟ್ಟುಗಳು ಎಣಿಸಲರಿಯದ ಜನರ ಕಾಲುಗಳಿಗೂ ಹತ್ತಿದವು.

ಡಾಡ್ಸ್ ಐದು ಪೆಟ್ಟಿನ ಹಾದಿಯನ್ನು ಹಿಡಿದವನಲ್ಲ. ಆದರೆ ಅಳತೆ ಯಾವುದೇ ಆಗಲಿ, ಅದನ್ನು ಎಣಿಸಿದ ಮಾತ್ರಕ್ಕೆ ನಡೆ ಹುಟ್ಟುವುದಿಲ್ಲ. ಕಾಲು ಹಾಕಿದ ತಳಹದಿಯ ಮೇಲೆ ಕೈ ಜಾಗವರಿತು ಆಡಬೇಕು, ಕಿವಿ ಸದಾ ಜೊತೆಗಾರನ ಕಡೆಗಿರಬೇಕು ಎಂಬ ಪಾಠ ಆತನದು. ಕೊಬ್ಬಿನ ಡಬ್ಬಿಯಿಂದ ಆರಂಭಿಸಿದವನು ಕಲಿಸಿಹೋದ ಈ ಪಾಠ ಮೂರಕ್ಕೂ ಐದಕ್ಕೂ ಸಲ್ಲುತ್ತದೆ. ಇಂದು ಡ್ರಮ್ಮಿನ ಮುಂದೆ ಮೊದಲ ಬಾರಿಗೆ ಕುಳಿತುಕೊಳ್ಳುವ ಹುಡುಗ ಹುಡುಗಿಯರು ಅವನ ಹೆಸರನ್ನು ಕೇಳಿರಲಾರರು. ಆದರೆ ಜೊತೆಗಾರನ ಮಾತು ಮುಗಿಯುವವರೆಗೆ ಅವರು ಕೈಯನ್ನು ತಗ್ಗಿಸಿ ಕಾದರೆ, ಅವರು ಕುಳಿತಿರುವುದು ಡಾಡ್ಸನ ಪೀಠದಲ್ಲಿಯೇ.