ನೋವಿನ ಬೆಲೆಯನ್ನರಿತ ವೈದ್ಯ

ನೋವನ್ನು ಬೇಡುವವರು ಲೋಕದಲ್ಲಿ ಯಾರೂ ಇಲ್ಲ. ಆದರೆ ಆಳಂದ ತಾಲ್ಲೂಕಿನ ಜಿಡಗಾದ ಕಡೆ, ತೊಗರಿ ಕೊಯ್ದ ಹೊಲದಲ್ಲಿ ಬರಿಗಾಲಿನಲ್ಲಿ ನಡೆಯುವ ರೈತನನ್ನು ನೆನೆಯಿರಿ. ಕೂಳೆಯು ಅಂಗಾಲಿಗೆ ತಗುಲಿದೊಡನೆ ಅವನು ಕಾಲೆತ್ತುತ್ತಾನೆ. ಗಾಯ ಮಾಯುವವರೆಗೆ ಕುಂಟುತ್ತ ನಡೆದು ಅದನ್ನು ಕಾಪಾಡುತ್ತಾನೆ. ಅವನಿಗೆ ನೋವೇ ತಿಳಿಯದಿದ್ದರೆ ಆ ಕಾಲಿನ ಗತಿಯೇನು? ಈ ಪ್ರಶ್ನೆಯ ಬೆನ್ನು ಹತ್ತಿ ಬಾಳನ್ನು ಸವೆಸಿದವರು ಡಾ. ಪಾಲ್ ಬ್ರಾಂಡ್.

ಬ್ರಾಂಡ್ ಅವರು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಜನಿಸಿದರು. ಅವರ ತಂದೆತಾಯಿಗಳು ಬೆಟ್ಟದ ಜನರ ಸೇವೆಗಾಗಿ ಅಲ್ಲಿ ನೆಲೆಸಿದ್ದ ಇಂಗ್ಲಿಷ್ ಮಿಷನರಿಗಳು. ಒಂಬತ್ತನೆಯ ವಯಸ್ಸಿನಲ್ಲಿ ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿಗೆ ತೆರಳಿದ ಬಾಲಕನು ತಂದೆಯನ್ನು ಮತ್ತೆ ಕಾಣಲಿಲ್ಲ. ತಂದೆ 1929ರಲ್ಲಿ ಜ್ವರದಿಂದ ತೀರಿಕೊಂಡರು. ಮೊದಲು ಕಟ್ಟಡದ ಕೆಲಸ, ಮರಗೆಲಸಗಳನ್ನು ಕಲಿತ ಬ್ರಾಂಡ್, ಅನಂತರ ಲಂಡನ್ನಿನಲ್ಲಿ ವ್ಯಾಸಂಗ ಮಾಡಿ ಶಸ್ತ್ರವೈದ್ಯರಾದರು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದರು.

ಕುಷ್ಠರೋಗಿಗಳ ಬೆರಳುಗಳು ರೋಗದಿಂದಲೇ ಕೊಳೆತು ಬೀಳುತ್ತವೆಂದು ಆಗ ಎಲ್ಲರೂ ನಂಬಿದ್ದರು. ಒಂದು ದಿನ ಬ್ರಾಂಡ್ ಅವರು ತುಕ್ಕು ಹಿಡಿದ ಬೀಗವೊಂದನ್ನು ತೆರೆಯಲಾರದೆ ನಿಂತಿದ್ದರು. ಕುಷ್ಠರೋಗಿಯಾದ ಬಾಲಕನೊಬ್ಬನು ಮುಂದೆ ಬಂದು ಬೀಗದ ಕೈಯನ್ನು ಸರಕ್ಕನೆ ತಿರುಗಿಸಿದನು. ಅವನ ಬೆರಳು ಮೂಳೆ ಕಾಣುವಂತೆ ಸೀಳಿ ರಕ್ತ ಸುರಿಯುತ್ತಿತ್ತು. ಬಾಲಕನಿಗೆ ಅದರ ಅರಿವೇ ಇರಲಿಲ್ಲ! ರೋಗವು ಕೊಲ್ಲುವುದು ನರಗಳನ್ನು. ಬೆರಳುಗಳನ್ನು ತಿನ್ನುವುದು ನೋವಿಲ್ಲದ ಗಾಯಗಳು ಎಂಬ ಸತ್ಯ ಅವರಿಗೆ ಕ್ರಮೇಣ ಹೊಳೆಯಿತು. ರಾತ್ರಿ ಇಲಿಗಳು ಬೆರಳು ಕಡಿದರೂ ರೋಗಿಗಳು ಎಚ್ಚರಗೊಳ್ಳುತ್ತಿರಲಿಲ್ಲ. ಅದಕ್ಕೆ ಬೆಕ್ಕು ಸಾಕುವುದೇ ಮದ್ದಾಯಿತು!

ಬ್ರಾಂಡ್ ಅವರು ಬಲವಿರುವ ಸ್ನಾಯುಗಳ ರಜ್ಜುಗಳನ್ನು ಸ್ಥಳಾಂತರಿಸಿ, ಮುದುಡಿದ ಕೈಗಳನ್ನು ಬಿಡಿಸಿದರು. ಗುಣಹೊಂದಿದವರಿಗೆ ಮರಗೆಲಸ ಕಲಿಸಿದರು. ನೋವು ಹೇಳಬೇಕಾದುದನ್ನು ಕಣ್ಣು ಹೇಳಬೇಕೆಂದು ತಿಳಿಸಿ, ಕೈಕಾಲುಗಳಲ್ಲಿ ಕೆಂಪು, ಬಾವು, ಬಿಸಿ ಇವೆಯೇ ಎಂದು ದಿನವೂ ಪರೀಕ್ಷಿಸುವ ಅಭ್ಯಾಸ ಮಾಡಿಸಿದರು.

ಲಂಡನ್ನಿನಲ್ಲಿ ತಂಗಿದ್ದ ಒಂದು ರಾತ್ರಿ ಅವರ ಹಿಮ್ಮಡಿಯೇ ಮರಗಟ್ಟಿತು. ಸೂಜಿ ಚುಚ್ಚಿದರೂ ನೋವಿಲ್ಲ. ತಮಗೂ ರೋಗ ತಗುಲಿತೆಂದು ಬಗೆದು, ಮನೆಮಕ್ಕಳಿಂದ ದೂರವಾಗುವ ದಿನಗಳನ್ನು ನೆನೆಯುತ್ತ ನಿದ್ದೆಯಿಲ್ಲದೆ ಕಳೆದರು. ಬೆಳಗ್ಗೆ ಮತ್ತೆ ಚುಚ್ಚಿಕೊಂಡಾಗ ನೋವಿನಿಂದ ಚೀರಿದರು. ಪಯಣದಲ್ಲಿ ಬಹುಕಾಲ ಅಲುಗದೆ ಕುಳಿತುದರಿಂದ ನರ ಅದುಮಿತ್ತಷ್ಟೆ! ಆ ಚೀರಾಟದಷ್ಟು ಸಂತಸವನ್ನು ಅವರಿಗೆ ಬೇರಾವುದೂ ಕೊಟ್ಟಿರಲಾರದು.

1966ರಲ್ಲಿ ಅವರು ಅಮೆರಿಕದ ಕಾರ್ವಿಲ್ ಆಸ್ಪತ್ರೆಗೆ ಹೋದರು. ಅಲ್ಲಿ ಅಪಾಯವನ್ನು ಸೂಚಿಸುವ ಕೃತಕ ನೋವಿನ ಯಂತ್ರವೊಂದನ್ನು ರಚಿಸಲು ಯತ್ನಿಸಿದರು. ಕೆಲಸಕ್ಕೆ ಅಡ್ಡಿಯೆನಿಸಿದಾಗ ರೋಗಿಗಳು ಅದನ್ನು ನಿಲ್ಲಿಸಿಬಿಡುತ್ತಿದ್ದರು. ಮನಬಂದಂತೆ ನಿಲ್ಲಿಸಲಾಗದಿರುವುದೇ ನಿಜವಾದ ನೋವಿನ ಹಿರಿಮೆಯೆಂದು ಅವರು ಕಂಡುಕೊಂಡರು. ಮಧುಮೇಹದಿಂದ ಕಾಲು ಮರಗಟ್ಟಿದವರಿಗೂ ಅವರ ಅರಿವು ಆಸರೆಯಾಯಿತು.

2003ರಲ್ಲಿ ಬ್ರಾಂಡ್ ನಿಧನರಾದರು. ನೋಯುವವನ ನರಳಾಟವನ್ನು ಆಲಿಸುವುದು ವೈದ್ಯನ ಧರ್ಮ. ನರಳಲೂ ಆಗದವನ ಗಾಯವನ್ನು ಹುಡುಕಿ ನೋಡುವುದು ಅದಕ್ಕಿಂತ ಹಿರಿಯ ಧರ್ಮ. ಅವರ ಬಾಳು ಈ ಹಿರಿಯ ಧರ್ಮಕ್ಕೆ ಮುಡಿಪಾಗಿತ್ತು.