ಇಂದಿನ ಧಮ್ಮ ಚಿಂತನೆ: ಮಾಸ್ತರಿಕೆ ಬಿಟ್ಟು ಹಾಡಿಗೆ ಬಂದ ಶರೀಫಜ್ಜ





ಕಳೆದ ಭಾನುವಾರ ಬುದ್ಧವಂದನೆ ಮುಗಿದ ಮೇಲೆ ನಾವು ವೇದನಾನುಪಸ್ಸನೆಯ ಬಗ್ಗೆ ಮಾತಾಡಿದೆವು. ಸುಖ ಬಂದಾಗ ಇದು ಸುಖವೆಂದು, ದುಃಖ ಬಂದಾಗ ಇದು ದುಃಖವೆಂದು ತಿಳಿಯಬೇಕು. ಅದನ್ನು ಮುಚ್ಚಿಡಲೂಬಾರದು, ಅದಕ್ಕೆ ಅಂಟಿಕೊಳ್ಳಲೂಬಾರದು ಎಂಬುದು ನಾವು ತಿಳಿದುಕೊಂಡ ಸಾರ. ಕೇಳಲು ಸುಲಭ. ಆದರೆ ದಿನದ ಬದುಕಿನಲ್ಲಿ ನಾವು ಮಾಡುವುದು ಮುಚ್ಚಿಡುವ ಕೆಲಸವನ್ನೇ. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಆಗ ನೆನಪಾದವರು ನಮ್ಮ ಸೀಮೆಯ ಶಿಶುನಾಳ ಶರೀಫರು.

ಬೌದ್ಧರ ಬಳಗದಲ್ಲಿ ಶರೀಫರ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಬಾಬಾಸಾಹೇಬರ ತಂದೆ ರಾಮಜಿ ಸಕ್ಪಾಲರು ಕಬೀರ ಪಂಥದವರು. ಆ ಮನೆಯ ಮಕ್ಕಳು ಕಬೀರರ ಪದಗಳನ್ನು ಕೇಳುತ್ತ ಬೆಳೆದರು. ಮುಂದೆ ಬಾಬಾಸಾಹೇಬರು ಬುದ್ಧ, ಕಬೀರ, ಫುಲೆ ಈ ಮೂವರನ್ನು ತಮ್ಮ ಗುರುಗಳೆಂದು ಹೇಳಿಕೊಂಡರು. ಕಬೀರರು ನಮ್ಮವರಾದರೆ ಶರೀಫರೂ ಬಹಳ ದೂರದವರಲ್ಲ. ಅವರ ಗದ್ದುಗೆಗೆ ನಮಸ್ಕಾರ ಹಾಕಿ ಎಂದು ನಾನು ಹೇಳುತ್ತಿಲ್ಲ. ಅವರ ಸುತ್ತ ಹುಟ್ಟಿಕೊಂಡ ಪವಾಡದ ಕತೆಗಳನ್ನೂ ಬದಿಗಿಡುತ್ತೇನೆ. ಒಬ್ಬ ಮನುಷ್ಯ ಹೇಗೆ ಬದುಕಿದ ಎಂಬುದನ್ನಷ್ಟೇ ನೋಡೋಣ.

ಶರೀಫರು ಹುಟ್ಟಿದ್ದು 1819ರಲ್ಲಿ, ಶಿಗ್ಗಾವಿ ತಾಲೂಕಿನ ಶಿಶುವಿನಹಾಳದಲ್ಲಿ. ಆ ಊರು ಈಗ ಹಾವೇರಿ ಜಿಲ್ಲೆಗೆ ಸೇರಿದೆ. 1997ರವರೆಗೆ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇತ್ತು. ಭೀಮಾ ಕೋರೆಗಾಂವ್ ಯುದ್ಧ ನಡೆದದ್ದು 1818ರ ಜನವರಿ 1ರಂದು. ಆ ವರ್ಷವೇ ಪೇಶ್ವೆಯ ಆಳ್ವಿಕೆ ಮುಗಿದು ನಮ್ಮ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಯಿತು. ಮರುವರ್ಷ ಹುಟ್ಟಿದ ಕೂಸು ಈ ಶರೀಫ. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ತಂದೆ ಹುಲಗೂರಿನ ಖಾದರಶಾ ವಲಿಗಳಿಗೆ ನಡೆದುಕೊಳ್ಳುತ್ತಿದ್ದರು. ಮುಸಲ್ಮಾನರ ಆ ಮನೆಯಲ್ಲಿ ರಾಮಾಯಣ, ಭಾರತದ ಕತೆಗಳೂ ಅಲ್ಲಮಪ್ರಭುವಿನ ಮಾತೂ ಹುಡುಗನ ಕಿವಿಗೆ ಬಿದ್ದವು.

ಶರೀಫರು ಓದಿನಲ್ಲಿ ಚುರುಕು. ಮುಲ್ಕಿ ಪರೀಕ್ಷೆ ಪಾಸಾಗಿ ಹಳ್ಳಿಯ ಶಾಲೆಗಳಲ್ಲಿ ಮಾಸ್ತರರಾದರು. ಆ ಕಾಲದಲ್ಲಿ ಮುಲ್ಕಿ ಪಾಸಾದವನಿಗೆ ಊರಲ್ಲಿ ಎಂಥ ಮರ್ಯಾದೆ ಇತ್ತೆಂಬುದು ನಮ್ಮ ಹಿರಿಯರಿಗೆ ಗೊತ್ತು. ಸರ್ಕಾರದ ಸಂಬಳ, ಕೂರಲು ಕುರ್ಚಿ, ಕರೆಯಲು ಮಾಸ್ತರ ಎಂಬ ಹೆಸರು. ಕೆಲವು ವರ್ಷ ಕಲಿಸಿದ ಮೇಲೆ ಅವರು ಅದನ್ನೆಲ್ಲ ಬಿಟ್ಟು ಬಂದರು. ನಾನೂ ಮಾಸ್ತರನೇ. ತಿಂಗಳ ಸಂಬಳ ಬಿಟ್ಟು ಹೊರಗೆ ಬರುವುದು ಹುಡುಗಾಟವಲ್ಲ ಎಂದು ನನಗೆ ತಿಳಿದಿದೆ. ಎಲ್ಲರೂ ಹಾಗೆ ಬಿಡಬೇಕಿಲ್ಲ. ಬಾಬಾಸಾಹೇಬರು ನಮಗೆ ಓದಿ, ನೌಕರಿಗೆ ಸೇರಿ ಎಂದೇ ಕಲಿಸಿದರು, ನಾವು ಅದರಿಂದಲೇ ಮೇಲೆದ್ದವರು. ಆದರೆ ತನ್ನೊಳಗೆ ಏನಿದೆ ಎಂಬುದನ್ನು ಶರೀಫರು ಕುರ್ಚಿಗಾಗಿ ಮರೆಯಲಿಲ್ಲ. ನಾನು ಹೇಳಹೊರಟಿರುವುದು ಅಷ್ಟನ್ನೇ.

ಅವರಿಗೆ ಗುರುವಾಗಿ ಸಿಕ್ಕವರು ನಮ್ಮ ಕುಂದಗೋಳ ತಾಲೂಕಿನ ಕಳಸ ಗ್ರಾಮದ ಗೋವಿಂದಭಟ್ಟರು. ಬ್ರಾಹ್ಮಣರಾಗಿ ಹುಟ್ಟಿಯೂ ಮಡಿ ಮೈಲಿಗೆಯ ಕಟ್ಟು ಕಿತ್ತೊಗೆದವರು. ಇಬ್ಬರೂ ಕೂಡಿ ತಿರುಗಿದರು, ಕೂಡಿ ಉಂಡರು. ಬ್ರಾಹ್ಮಣರು ಭಟ್ಟರನ್ನು ಬೈದರು, ಮುಸಲ್ಮಾನರು ಶರೀಫರನ್ನು ಬೈದರು. ಗುರು ತಮ್ಮ ಜನಿವಾರ ತೆಗೆದು ಶಿಷ್ಯನ ಕೊರಳಿಗೆ ಹಾಕಿದರು ಎಂಬ ಕತೆಯೂ ನಮ್ಮ ಕಡೆ ಪ್ರಚಾರದಲ್ಲಿದೆ.

ಈ ಜನಿವಾರದ ಕತೆ ನನಗೆ ಬಹಳ ದಿನ ಮುಳ್ಳಾಗಿತ್ತು. ಒಬ್ಬ ಮನುಷ್ಯ ದೊಡ್ಡವನಾಗಲು ದಾರ ಯಾಕೆ ಬೇಕು? 22 ಪ್ರತಿಜ್ಞೆ ತೆಗೆದುಕೊಂಡ ನಾವು ಇದನ್ನು ಹೊಗಳುವುದು ಹೇಗೆ? ಈಗಲೂ ನಾನು ಹೊಗಳುವುದಿಲ್ಲ. ಆದರೆ ಶರೀಫರು ಆ ದಾರವನ್ನು ಹಿಡಿದು ಬ್ರಾಹ್ಮಣರಾಗಲು ಹೋಗಲಿಲ್ಲ ಎಂಬುದನ್ನು ಗಮನಿಸಿದ್ದೇನೆ. ಹೆಸರು ಬದಲಿಸಲಿಲ್ಲ. ಮೊಹರಂ ಬಂದರೆ ಮೊಹರಮ್ಮಿನ ಪದ ಕಟ್ಟಿದರು, ಜಾತ್ರೆ ಬಂದರೆ ಜಾತ್ರೆಯ ಪದ ಕಟ್ಟಿದರು. ಎರಡು ಮನೆಯಲ್ಲೂ ಪೂರ್ತಿ ಒಳಗಿನವರಾಗಲಿಲ್ಲ. ಇದಕ್ಕಾಗಿ ಅವರು ತಮ್ಮನ್ನು ತಾವು ಕಡಿಮೆ ಎಂದುಕೊಂಡಂತೆ ಅವರ ಪದಗಳಲ್ಲಿ ಎಲ್ಲೂ ಕಾಣುವುದಿಲ್ಲ. ಊರಿನ ಹೆಸರನ್ನೇ ಅಂಕಿತಕ್ಕೆ ಸೇರಿಸಿಕೊಂಡು ಶಿಶುನಾಳಧೀಶ ಎಂದು ಪದ ಮುಗಿಸಿದರು.

ಸಂಸಾರದ ಸುಖ ಅವರಿಗೆ ಹೆಚ್ಚು ದಿನ ಇರಲಿಲ್ಲ. ಹೆಂಡತಿ ಫಾತಿಮಾ, ಒಬ್ಬ ಮಗಳು ಹುಟ್ಟಿದ ಮೇಲೆ ಬೇಗ ತೀರಿಕೊಂಡರು. ಪ್ರೀತಿಯ ಹೆಂಡತಿ ಸತ್ತವನಿಗೆ ಅತ್ತೆ ಮಾವನ ಮನೆಯ ಋಣ ಹೇಗೆ ಹರಿದುಹೋಗುತ್ತದೆ ಎಂದು ಹೇಳುವ ಅವರ ಪದವೊಂದಿದೆ. ತತ್ವ ಹುಡುಕುವವರು ಅದರಲ್ಲಿ ತತ್ವ ಹುಡುಕಲಿ. ನನಗೆ ಅದರಲ್ಲಿ ಮೊದಲು ಕೇಳಿಸುವುದು ಹೆಂಡತಿ ಸತ್ತ ಗಂಡಸಿನ ದನಿ. ನಮ್ಮ ಕಡೆ ಗಂಡಸು ಅತ್ತರೆ ಹೆಂಗಸು ಎಂದು ನಗುತ್ತಾರೆ. ಮಣ್ಣು ಕೊಟ್ಟು ಬಂದು ಮೂರನೇ ದಿನಕ್ಕೆ ಹೊಲಕ್ಕೆ ಹೋಗಬೇಕು, ಯಾರಾದರೂ ಕೇಳಿದರೆ ಆರಾಮ ಇದ್ದೀನಿ ಅನ್ನಬೇಕು. ಶರೀಫರು ಹಾಗೆ ಮಾಡಲಿಲ್ಲ. ನೋವನ್ನು ನೋವೆಂದೇ ಹಾಡಿದರು, ಆ ಹಾಡನ್ನು ಊರಿನವರೆಲ್ಲ ಕೇಳಿದರು.

ಪದ ಕಟ್ಟಲು ಅವರು ದೊಡ್ಡ ವಸ್ತು ಹುಡುಕಿಕೊಂಡು ಹೋಗಲಿಲ್ಲ. ಮಳೆಗೆ ಸೋರುವ ಮಾಳಿಗೆ, ಸೇದುವ ಗುಡುಗುಡಿ, ಸಂತೆಗೆ ಹೊರಟ ಮುದುಕಿ, ಗಂಡನ ಮನೆಗೆ ಹೊರಟು ಅಳುವ ತಂಗಿ, ಕೋಳಿ, ಕೋಡಗ, ತಂಬೂರಿ. ಕಣ್ಣೆದುರು ಇದ್ದದ್ದೆಲ್ಲ ಪದವಾಯಿತು. ಶಾಲೆ, ಕಚೇರಿಗಳಲ್ಲಿ ಮರಾಠಿಯ ಜೋರು ಇದ್ದ ಕಾಲ ಅದು. ಅವರು ಮನೆಯ ಅಂಗಳದ ಕನ್ನಡದಲ್ಲಿ, ನಾವು ಹೊಲದಲ್ಲಿ ಆಡುವ ಮಾತಿನಲ್ಲೇ ಹಾಡಿದರು. ಹುಬ್ಬಳ್ಳಿಯ ಸಿದ್ಧಾರೂಢರು, ನವಲಗುಂದದ ನಾಗಲಿಂಗಜ್ಜ ಅವರ ಕಾಲದವರು. 1889ರಲ್ಲಿ ಶರೀಫರು ತೀರಿಕೊಂಡಾಗ ಎರಡೂ ಕಡೆಯ ವಿಧಿಗಳು ನಡೆದವೆಂದು ಹೇಳುತ್ತಾರೆ. ಇನ್ನೆರಡು ವರ್ಷಕ್ಕೆ, 1891ರಲ್ಲಿ, ಬಾಬಾಸಾಹೇಬರು ಹುಟ್ಟಿದರು.

ಆ ಪದಗಳು ಬಾಯಿಂದ ಬಾಯಿಗೆ ಉಳಿದವು. ಆಮೇಲೆ ಸಿ. ಅಶ್ವಥ್ ಅವರು ಹಾಡಿದರು, 1990ರಲ್ಲಿ ನಾಗಾಭರಣರ ಸಿನಿಮಾ ಬಂತು, ನಾಡಿಗೆಲ್ಲ ಗೊತ್ತಾಯಿತು. ಅದಕ್ಕೂ ಬಹಳ ಮೊದಲೇ ಅವು ನಮ್ಮ ಕೇರಿಗೆ ಬಂದಿದ್ದವು. ಗುಡಿಯ ಬಾಗಿಲು ನಮಗೆ ಮುಚ್ಚಿತ್ತು, ಬಾವಿ ಮುಚ್ಚಿತ್ತು. ಪದಕ್ಕೆ ಬಾಗಿಲು ಹಾಕಲು ಯಾರಿಗೂ ಆಗಲಿಲ್ಲ. ನನ್ನ ಅಪ್ಪ ಅಮವಾಸ್ಯೆಯ ರಾತ್ರಿ ಏಕತಾರಿ ಹಿಡಿದು ಕೂತರೆ ಬೆಳಗಿನವರೆಗೆ ಹಾಡುತ್ತಿದ್ದ. ಸುತ್ತ ದಮ್ಮಡಿ, ತಾಳ. ನಾನು ಅವನ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದೆ. ನಾನು ಕಲಿತ ಮೊದಲ ಕನ್ನಡ ಅದೇ.

ಈಗ ನನ್ನ ತಪ್ಪನ್ನು ಹೇಳಬೇಕು. ಕನ್ನಡ ಎಂ.ಎ. ಓದುವಾಗ ತತ್ವಪದಗಳ ಬಗ್ಗೆ ಪುಟಗಟ್ಟಲೆ ಬರೆದು ಒಳ್ಳೆಯ ಅಂಕ ತೆಗೆದೆ. ಈ ಪದಗಳನ್ನು ನನ್ನ ಅಪ್ಪ ಹಾಡುತ್ತಾನೆ ಎಂದು ಒಬ್ಬ ಗೆಳೆಯನಿಗೂ ಹೇಳಲಿಲ್ಲ. ಹೇಳಿದರೆ ಅಪ್ಪ ಯಾರು, ಯಾವ ಓಣಿ, ಹಗಲು ಏನು ಬಾರಿಸುತ್ತಾನೆ ಎಂಬ ಪ್ರಶ್ನೆ ಬರುತ್ತಿತ್ತು. ಅಪ್ಪ ಹಲಗಿ ಬಾರಿಸುತ್ತಿದ್ದ. ನನಗೆ ನೌಕರಿ ಸಿಕ್ಕ ಮೇಲೆ ಅದನ್ನು ಬಿಡಿಸಿದೆ. ಅದು ಸರಿ ಎಂದು ಇವತ್ತಿಗೂ ಹೇಳುತ್ತೇನೆ. ಊರವರು ಕರೆದಾಗ ಹೋಗಿ ಬಾರಿಸಿ, ದೂರ ನಿಂತು ಕಾಳು ಹಾಕಿಸಿಕೊಳ್ಳುವ ಕೆಲಸ ಬಿಡಲೇಬೇಕಿತ್ತು. ಆದರೆ ದೀಕ್ಷೆ ತೆಗೆದುಕೊಂಡ ಹುರುಪಿನಲ್ಲಿ ನಾನು ಭಜನೆಯನ್ನೂ ಬಿಡಿಸಿದೆ. ಅದೆಲ್ಲ ಅವರ ದೇವರ ಹಾಡು, ಇನ್ನು ಮನೆಯಲ್ಲಿ ಬೇಡ ಎಂದೆ. ಅಪ್ಪ ಎದುರು ಮಾತಾಡಲಿಲ್ಲ. ಏಕತಾರಿಯನ್ನು ಗೂಟಕ್ಕೆ ತೂಗು ಹಾಕಿದ. ಅಪಮಾನವನ್ನು ಬಿಡಿಸಹೋಗಿ ಅವನ ದನಿಯನ್ನೂ ಬಿಡಿಸಿದೆ. ಎರಡೂ ಬೇರೆ ಎಂದು ನನಗೆ ತಿಳಿಯಲು ಹನ್ನೆರಡು ವರ್ಷ ಬೇಕಾಯಿತು.

ತಿಳಿದದ್ದು ಒಬ್ಬ ಹುಡುಗಿಯಿಂದ. ಆರನೇ ತರಗತಿಗೆ ನಮ್ಮ ಮನೆ ಎಂಬ ಪ್ರಬಂಧ ಕೊಟ್ಟಿದ್ದೆ. ಅವಳು ಮಳೆಗಾಲದ ಒಂದು ರಾತ್ರಿಯನ್ನು ಬರೆದಿದ್ದಳು. ಮಣ್ಣಿನ ಮಾಳಿಗೆ ಎಲ್ಲೆಲ್ಲಿ ಸೋರುತ್ತದೆ, ಯಾವ ಪಾತ್ರೆ ಎಲ್ಲಿ ಇಡುತ್ತಾರೆ, ಅವ್ವ ತಮ್ಮನನ್ನು ಎತ್ತಿಕೊಂಡು ಒಣಗಿದ ಮೂಲೆಯಲ್ಲಿ ಹೇಗೆ ಕೂರುತ್ತಾಳೆ, ಎಲ್ಲವನ್ನೂ ತನ್ನ ಆಡುಮಾತಿನಲ್ಲೇ ಬರೆದಿದ್ದಳು. ನಾನು ಕೆಂಪು ಪೆನ್ನಿನಿಂದ ಪುಟ ತುಂಬ ತಿದ್ದಿ, ಶುದ್ಧ ಭಾಷೆಯಲ್ಲಿ ಬರೆ ಎಂದು ಕೆಳಗೆ ಬರೆದೆ. ಮುಂದಿನ ವಾರ ಅವಳು ಗೈಡಿನಿಂದ ನಕಲು ಮಾಡಿ ತಂದಳು. ಅದರಲ್ಲಿ ಹೂದೋಟವಿದ್ದ ಹೆಂಚಿನ ಮನೆ ಇತ್ತು. ಒಂದೂ ತಪ್ಪಿರಲಿಲ್ಲ. ಆ ಪುಟದಲ್ಲಿ ಹುಡುಗಿಯೂ ಇರಲಿಲ್ಲ. ಸೋರುವ ಮಾಳಿಗೆಯನ್ನು ಹಾಡಿದ ಕವಿಯ ಬಗ್ಗೆ ಪರೀಕ್ಷೆ ಬರೆದು ಪಾಸಾದ ನಾನು, ಸೋರುವ ಮಾಳಿಗೆಯ ಕೆಳಗೆ ಕೂತ ಮಗುವಿನ ಬಾಯಿ ಮುಚ್ಚಿಸಿದ್ದೆ.

ಬುದ್ಧರ ಸಂಘದಲ್ಲಿ ಹೀಗೆ ಬಾಯಿ ಮುಚ್ಚಿಸಿರಲಿಲ್ಲ. ಥೇರೀಗಾಥೆಯಲ್ಲಿ ಮುತ್ತಾ ಎಂಬ ಭಿಕ್ಖುಣಿ ತಾನು ಒರಳು, ಒನಕೆ ಮತ್ತು ಗೂನು ಗಂಡನಿಂದ ಬಿಡುಗಡೆಯಾದೆ ಎಂದು ಹಾಡುತ್ತಾಳೆ. ನೀರು ಹೊರುವ ದಾಸಿಯಾಗಿದ್ದ ಪುಣ್ಣಿಕಾ ಚಳಿಯಲ್ಲಿ ನೀರಿಗಿಳಿದ ಕಷ್ಟವನ್ನು ಹಾಡುತ್ತಾಳೆ. ಥೇರಗಾಥೆಯಲ್ಲಿ ಸುನೀತರು ತಾವು ಕಸ ಗುಡಿಸುವ ಕೀಳು ಕುಲದವರಾಗಿದ್ದುದನ್ನು ಮುಚ್ಚಿಡದೆ ಹೇಳುತ್ತಾರೆ. ಅಡುಗೆಮನೆ, ಬೀದಿ, ಹಳೆಯ ಅವಮಾನ ಎಲ್ಲವೂ ಅಲ್ಲಿ ಗಾಥೆಯಾಗಿವೆ. ನಡೆದು ಬಂದ ದಾರಿಯನ್ನು ಅಡಗಿಸಿಡಿ ಎಂದು ಧಮ್ಮ ಅವರಿಗೆ ಹೇಳಲಿಲ್ಲ. ನಮ್ಮ ಬಾಬಾಸಾಹೇಬರೂ ಅಷ್ಟು ಕೆಲಸಗಳ ನಡುವೆ, ಇಳಿವಯಸ್ಸಿನಲ್ಲಿ, ಪಿಟೀಲು ಕಲಿಯಲು ಕೂತರು. ನುಡಿಸಿ ದೊಡ್ಡ ಹೆಸರು ಮಾಡಲಿಕ್ಕಲ್ಲ. ಮನಸ್ಸಿಗೆ ಬೇಕಿತ್ತು, ಕಲಿತರು.

ಆ ಹುಡುಗಿಯ ಮೊದಲ ಪ್ರಬಂಧವನ್ನು ಹುಡುಕಿಸಿ, ಅವಳು ಬರೆದ ಹಾಗೆಯೇ ತರಗತಿಯಲ್ಲಿ ಓದಿಸಿದೆ. ಓದಿ ಮುಗಿಸುವಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳು ತಮ್ಮ ಮನೆಯೂ ಸೋರುತ್ತದೆ ಎಂದು ಕೈ ಎತ್ತಿದರು. ಅಪ್ಪನ ವಿಷಯ ಅಷ್ಟು ಸುಲಭವಾಗಲಿಲ್ಲ. ಹಾಡು ಎಂದು ಕೇಳಿದೆ. ಕೊರಳು ಹೋಗಿದೆ, ಪದ ಮರೆತಿವೆ ಎಂದು ನಕ್ಕ. ಈಗ ಅವನಿಗೆ ಎಪ್ಪತ್ತಾರು. ಮೊನ್ನೆ ಸಂಜೆ ಎಮ್ಮೆ ಕಟ್ಟುತ್ತ ಏನೋ ಗುನುಗುತ್ತಿದ್ದ. ಹತ್ತಿರ ಹೋದರೆ ನಿಲ್ಲಿಸುತ್ತಾನೆಂದು ನಾನು ಬಾಗಿಲ ಹಿಂದೆಯೇ ನಿಂತೆ. ಅರ್ಧ ಪದ, ಅರ್ಧ ಬರೀ ರಾಗ. ನನಗೆ ಅಳು ಬಂತು. ಬಂದದ್ದನ್ನು ಬಂತು ಎಂದು ತಿಳಿದು ನಿಂತುಕೊಂಡೆ.

ಬಂಧುಗಳೇ, ಇವತ್ತು ಇಷ್ಟು ಮಾಡೋಣ. ಮಲಗುವ ಮೊದಲು ಹತ್ತು ನಿಮಿಷ ಕೂತು, ಈ ದಿನ ಮನಸ್ಸಿಗೆ ಏನಾಯಿತು ಎಂದು ನಾಲ್ಕು ಸಾಲು ಬರೆಯೋಣ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯೋಣ, ಯಾರಿಗೂ ತೋರಿಸಬೇಕಿಲ್ಲ. ಬರೆಯಲು ಬಾರದವರು ಮನೆಯವರಿಗೆ ಹೇಳಲಿ. ಮಕ್ಕಳು ಏನಾದರೂ ಬರೆದು, ಬಿಡಿಸಿ ತಂದರೆ ತಿದ್ದುವ ಮೊದಲು ಒಮ್ಮೆ ಪೂರ್ತಿ ಓದೋಣ. ಮನೆಯಲ್ಲಿ ಹಾಡು ಬಲ್ಲ ಹಿರಿಯರಿದ್ದರೆ ಅವರ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ನಾನು ತಡ ಮಾಡಿದೆ, ನೀವು ತಡ ಮಾಡಬೇಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.