ದಪ್ಪ ಟೈರ್ ಕಂಡು ನಕ್ಕರು, ರೇಸ್ ಗೆದ್ದದ್ದು ಅದೇ! ಪಶುವೈದ್ಯ ಡನ್‌ಲಪ್ ಕಥೆ

ಟೈರ್ ಸಣ್ಣಗಿದ್ದಷ್ಟೂ ಗಾಡಿ ಸಲೀಸಾಗಿ ಓಡುತ್ತದೆ ಎಂದು ನಂಬುವವರು ಇಂದಿಗೂ ಇದ್ದಾರೆ. ಆ ನಂಬಿಕೆಯನ್ನು ಅಲುಗಾಡಿಸಿದ್ದು ಎಂಜಿನಿಯರ್ ಅಲ್ಲ, ಒಬ್ಬ ಪಶುವೈದ್ಯ.

ಜಾನ್ ಬಾಯ್ಡ್ ಡನ್‌ಲಪ್ 1840ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ವೃತ್ತಿ ಮಾಡಿದ್ದು ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ. ಮಗನ ಟ್ರೈಸಿಕಲ್‌ಗೆ ಗಟ್ಟಿ ರಬ್ಬರಿನ ಚಕ್ರ. ಓಡಿಸಿದರೆ ಮೈಯೆಲ್ಲ ಕುಲುಕಾಟ. 1887ರಲ್ಲಿ ಡನ್‌ಲಪ್ ರಬ್ಬರ್ ಕೊಳವೆಗೆ ಗಾಳಿ ತುಂಬಿ, ದುಂಡನೆಯ ಮರದ ಹಲಗೆಗೆ ಸುತ್ತಿದರು. ಅದನ್ನೂ ಹಳೆಯ ಚಕ್ರವನ್ನೂ ಅಂಗಳದಲ್ಲಿ ಉರುಳಿಸಿ ನೋಡಿದರು. ಹಳೆಯದು ಅರ್ಧದಲ್ಲೇ ಬಿತ್ತು. ಗಾಳಿಯದ್ದು ಅಂಗಳದ ತುದಿಯ ಗೇಟಿಗೆ ಬಡಿದು ಪುಟಿಯಿತು!

1889ರ ಮೇ ತಿಂಗಳಲ್ಲಿ ವಿಲ್ಲಿ ಹ್ಯೂಮ್ ಈ ದಪ್ಪ ಟೈರಿನ ಸೈಕಲ್ ಹಿಡಿದು ಬೆಲ್‌ಫಾಸ್ಟ್ ರೇಸಿಗೆ ಬಂದಾಗ ಜನ ನಕ್ಕರು. ಗೆದ್ದು ಹೋದದ್ದು ಹ್ಯೂಮ್.

ಗಟ್ಟಿ ರಬ್ಬರ್ ಪ್ರತಿ ಕಲ್ಲಿಗೂ ಸವಾರನ ಸಮೇತ ಸೈಕಲ್ಲನ್ನೇ ಎತ್ತಿ ಹಾಕುತ್ತದೆ, ತುಳಿದ ಶಕ್ತಿ ಅಲ್ಲೇ ಪೋಲು. ಗಾಳಿ ಟೈರ್ ಕಲ್ಲನ್ನು ತನ್ನೊಳಗೆ ತೆಗೆದುಕೊಂಡು ಮುಂದೆ ಸಾಗುತ್ತದೆ. ಅಗಲದ ಗುಟ್ಟೂ ಇದೆ. ಗಾಳಿಯ ಒತ್ತಡ ಒಂದೇ ಆದರೆ ಅಗಲ ಟೈರ್ ನೆಲಕ್ಕೆ ತಾಗುವ ಜಾಗ ಗಿಡ್ಡವಾಗಿರುತ್ತದೆ. ರಬ್ಬರ್ ಬಾಗುವುದು ಕಡಿಮೆ, ಬಿಸಿಯಾಗಿ ಹೋಗುವ ಶಕ್ತಿಯೂ ಕಡಿಮೆ. ಕಾರಿನ ಲೆಕ್ಕ ಬೇರೆ ಅನ್ನಿ. ಅಲ್ಲಿ ತೂಕ, ಎದುರುಗಾಳಿಯ ತಡೆ ಎರಡೂ ಸೇರಿ ಮೈಲೇಜ್ ಬೀಳುವುದುಂಟು.

ಡನ್‌ಲಪ್‌ಗೆ ಸಿಕ್ಕ ಪೇಟೆಂಟ್ ಆಮೇಲೆ ಅಸಿಂಧುವಾಯಿತು. ರಾಬರ್ಟ್ ಥಾಮ್ಸನ್ 1845ರಲ್ಲೇ ಇದನ್ನು ಮಾಡಿದ್ದರು! ಕಂಪನಿಯಿಂದ ದೂರ ಸರಿದ ಡನ್‌ಲಪ್, 1921ರಲ್ಲಿ ಡಬ್ಲಿನ್‌ನಲ್ಲಿ ತೀರಿಕೊಂಡರು. ಬಂಗಾಳದ ಸಹಾಗಂಜ್, ಚೆನ್ನೈನ ಅಂಬತ್ತೂರಿನಲ್ಲಿ ಅವರ ಹೆಸರಿನ ಟೈರ್ ಕಾರ್ಖಾನೆಗಳು ಎದ್ದದ್ದು ಆಮೇಲೆ.